ಪಾಲಿಗೆ ಬಂದ ಹಂಬಲ

ಒಬ್ಬರ ಹಂಬಲವನ್ನು ಇನ್ನೊಬ್ಬರು ಅರ್ಧ ಹೊರಬಹುದು ಎಂದು ಗೊತ್ತಾದ ವರ್ಷ, ಹೊರಲು ಮುಂದೆ ಬಂದವರೆಲ್ಲ ಹೆಚ್ಚುಕಡಿಮೆ ತಾಯಂದಿರೇ. ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಹೊರಗೆ, ಉದ್ದದ ಬೆಂಚುಗಳ ಮೇಲೆ, ಊಟದ ಡಬ್ಬಿಯ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ಸಾಲಾಗಿ ಕೂತಿರುತ್ತಿದ್ದರು. ಅಪ್ಪಂದಿರು ಗಾಡಿ ನಿಲ್ಲಿಸಿ ಬರುತ್ತೇವೆಂದು ಹೋದವರು ಗಾಡಿಯ ಹತ್ತಿರವೇ ಉಳಿದುಬಿಡುತ್ತಿದ್ದರು.

ಕಸ್ತೂರಿಯೂ ಹಾಗೆ ಬಂದವಳು. ಅವಳ ಮಗಳು ಸಂಜೋತಾ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಹುಬ್ಬಳ್ಳಿಯ ಮನೆಯಿಂದ ಹಾಸ್ಟೆಲಿಗೆ ಹೋಗುವಾಗ ಆಕೆ ಪದವಿಯಲ್ಲಿ ಮೊದಲ ಸ್ಥಾನ ಪಡೆದ ಹುಡುಗಿ. ಹಾಸ್ಟೆಲಿನಲ್ಲಿ ಎಲ್ಲರೂ ಎಲ್ಲೋ ಒಂದು ಕಡೆ ಮೊದಲ ಸ್ಥಾನ ಪಡೆದು ಬಂದವರೇ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಮನೆಗೆ ಹೇಳಲಿಲ್ಲ. ಗೆಳತಿಯರಿಗೂ ಹೇಳಲಿಲ್ಲ. ಫೋನು ಹಿಡಿದು ಮಲಗಿದಳು. ಬೇರೆಯವರ ಊಟ, ಬೇರೆಯವರ ಪ್ರವಾಸ, ಬೇರೆಯವರ ನಗು ಬೆರಳಿನ ತುದಿಯಲ್ಲಿ ಸರಿಯುತ್ತ ಹೋದವು. ಅದು ನಿಲ್ಲದಾಯಿತು. ಅದನ್ನು ನಿಲ್ಲಿಸುವುದಕ್ಕೆಂದು ಪಕ್ಕದ ಕೋಣೆಯವಳು ಸೊಪ್ಪು ಕೊಟ್ಟಳು. ಸೊಪ್ಪೆಂದರೆ ಗಾಂಜಾ ಎಂದು ಕಸ್ತೂರಿಗೆ ಗೊತ್ತಾದದ್ದು ವಾರ್ಡನ್ ಕರೆದು ಹೇಳಿದ ಮೇಲೆ. ಒಂಟಿಯಾಗಿರಲಾರದೆ ಫೋನು, ಫೋನಿನ ಜೊತೆ ಇರಲಾರದೆ ಸೊಪ್ಪು, ಸೊಪ್ಪು ಇಳಿದಾಗ ಮತ್ತೆ ಫೋನು. ಹುಡುಗಿ ಒಣಗಿದ ಕಡ್ಡಿಯಂತಾಗಿದ್ದಳು.

ಗಂಡ ಶಿವಯೋಗಿ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರು. ಸಿಟ್ಟು ಬಂದರೆ ಕೂಗುವವನಲ್ಲ, ಕುಟುಕುವವನು. ಅಂದು ಊಟಕ್ಕೆ ಕೂತಾಗ, ಸಸ್ಯಶಾಸ್ತ್ರ ಓದಲು ಕಳಿಸಿದರೆ ನಿನ್ನ ಮಗಳು ಒಂದೇ ಗಿಡದಲ್ಲಿ ಡಿಗ್ರಿ ತಗೊಂಡಳು ನೋಡು ಎಂದ. ಆಮೇಲೆ ಊಟ ಬಿಟ್ಟು ಎದ್ದುಹೋಗಿ ಹಿತ್ತಿಲ ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆಯುತ್ತ ನಿಂತ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ತಸ್ನೀಮ್ ನದಾಫ್ ಕಸ್ತೂರಿಗಿಂತ ಸ್ವಲ್ಪ ಚಿಕ್ಕವಳು. ಮಾತಿನ ನಡುವೆ ಏಲಕ್ಕಿ ಜಗಿಯುವ ರೂಢಿ. ಚಟವೆಂದರೆ ಏನೆಂದು ಅವಳು ತನ್ನದೇ ರೀತಿಯಲ್ಲಿ ಹೇಳಿದಳು. ಈ ಹುಡುಗರಿಗೆ ಫೋನು, ಸೊಪ್ಪು ಎಂಬ ಬಾಗಿಲುಗಳ ಮೇಲೆ ಪ್ರೀತಿಯಿಲ್ಲ, ಒಳಗಿನ ಕೋಣೆಯಲ್ಲಿ ಇರಲಾಗುವುದಿಲ್ಲ, ಅಷ್ಟೇ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತಾರೆ. ಸೋತೆನೆಂಬ ನಾಚಿಕೆ, ಯಾರೋ ಅಳೆಯುತ್ತಿದ್ದಾರೆಂಬ ಭಯ, ಹೇಳಿಕೊಳ್ಳಲು ಯಾರಿಲ್ಲವೆಂಬ ಕೊರಗು, ಎಲ್ಲವೂ ಕೊನೆಗೆ ಬಂದು ಸೇರುವುದು ಮಿದುಳಿನ ಒಳಮಡಿಕೆಯ ಒಂದೇ ಸಣ್ಣ ಜಾಗಕ್ಕೆ. ಅಲ್ಲಿ ಅದು ಬರಿಯ ಅಲೆ. ಆ ಅಲೆಯನ್ನು ಹಣೆಗೆ ಕಟ್ಟುವ ಪಟ್ಟಿಯೊಂದು ಕಿವಿಗೆ ಕೇಳದ ಸದ್ದಿನಿಂದ ಓದುತ್ತದೆ. ಇನ್ನೊಬ್ಬರ ಹಣೆಯ ಪಟ್ಟಿ ಅದೇ ಅಲೆಯನ್ನು ಅವರಲ್ಲಿ ಎಬ್ಬಿಸುತ್ತದೆ. ಅವರಲ್ಲಿ ಎದ್ದಷ್ಟು ಇವರಲ್ಲಿ ಇಳಿಯುತ್ತದೆ. ತಳದಲ್ಲಿ ಕೊಳವೆ ಜೋಡಿಸಿದ ಎರಡು ಕೊಡಗಳಂತೆ, ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ.

"ವಿಚಾರ ಹೋಗೂದಿಲ್ಲ, ಗುಟ್ಟು ಹೋಗೂದಿಲ್ಲ. ಸೆಳೆತ ಅಷ್ಟ ಹೋಗ್ತದ" ಎಂದಳು ತಸ್ನೀಮ್. "ಆದ್ರ ಹೊರೋರ ಕೊಡ ಖಾಲಿ ಇರಬೇಕ್ರಿ. ತುಂಬಿದ ಕೊಡಕ್ಕ ಏನ್ ಹಾಕ್ತೀರಿ?"

ಖಾಲಿ ಇದೆಯೋ ಇಲ್ಲವೋ ನೋಡಲು ಕಸ್ತೂರಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಬಂಗಾರದ ಸರ, ರೇಷ್ಮೆ ಸೀರೆ, ಬಿಸಿ ಹೋಳಿಗೆ, ಹೊಸ ಫೋನು, ಮದ್ಯದ ಲೋಟ, ಕಡಲ ದಂಡೆಯ ದೊಡ್ಡ ಹೋಟೆಲು. ಆಚೆ ಕೋಣೆಯ ಗೋಡೆಯ ಮೇಲೆ, ಹಣೆಯ ಪಟ್ಟಿ ಓದಿ ತೋರಿಸುತ್ತಿದ್ದ ಅವಳ ಅಲೆಯ ಗೆರೆ ಅಲುಗಲಿಲ್ಲ. ನಿಮಗೆ ಬೇರೆ ಏನಾದರೂ ಬೇಕು ಎನಿಸುತ್ತದೆಯೇ ಎಂದು ತಸ್ನೀಮ್ ಕೇಳಿದಳು. ಆ ಪ್ರಶ್ನೆಗೆ ಕಸ್ತೂರಿಯ ಬಾಯಿಂದ ಉತ್ತರ ತಾನಾಗಿ ಬಂತು. ಸೀರೆ ಅಂಗಡಿಯಲ್ಲಿ, ತವರಿನಲ್ಲಿ, ಜಾತ್ರೆಗೆ ಹೊರಟವರು ಏನು ತರಲಿ ಎಂದು ಕೇಳಿದಾಗ, ಹಬ್ಬದ ದಿನ ಎಲೆಯ ಮುಂದೆ, ಅವಳು ಕೊಟ್ಟ ಉತ್ತರ ಅದೊಂದೇ. ಅವಳ ಅವ್ವನೂ ಅದನ್ನೇ ಹೇಳುತ್ತಿದ್ದಳು. ಒಳ್ಳೆಯ ಮನೆತನದ ಹೆಂಗಸರು ಹಾಗೆಯೇ ಹೇಳುವುದು.

"ನನಗೇನ್ ಬೇಕಾಗ್ತದರಿ ಡಾಕ್ಟರ. ನನಗೇನೂ ಬ್ಯಾಡ."

ಇಷ್ಟು ಸಪಾಟಾದ ಗೆರೆಯನ್ನು ತಾನು ನೋಡಿಯೇ ಇಲ್ಲ ಎಂದು ತಸ್ನೀಮ್ ಮೆಚ್ಚಿಕೊಂಡಳು. ಕಸ್ತೂರಿಗೆ ಬಹುಮಾನ ಬಂದಷ್ಟು ಸಂತೋಷವಾಯಿತು.

ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಮೊದಲ ವಾರ ಅವಳು ನೆನೆಸಿಕೊಳ್ಳಲು ಹೆದರುವಂಥದ್ದು. ರೊಟ್ಟಿ ಬಡಿಯುತ್ತಿದ್ದಾಗ ಹೆಬ್ಬೆರಳು ತಾನೇ ಹಿಟ್ಟಿನ ಮೇಲೆ ಮೇಲಿಂದ ಕೆಳಕ್ಕೆ ಸರಿಯತೊಡಗಿತು. ನಾಲಗೆ ಒಣಗಿತು. ಹಸಿವಲ್ಲ, ನೀರಡಿಕೆಯಲ್ಲ, ಎದೆಯ ನಡುವೆ ಯಾರೋ ಹಗ್ಗ ಕಟ್ಟಿ ಗೋಡೆಯಾಚೆಯಿಂದ ಜಗ್ಗಿದಂತೆ. ಒಲೆ ಆರಿಸಿ ಅಡುಗೆಮನೆಯ ನೆಲಕ್ಕೆ ಕೂತುಬಿಟ್ಟಳು. ಇದನ್ನೆಲ್ಲ ನನ್ನ ಕೂಸು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳಲ್ಲ, ನಾನು ಫೋನು ಮಾಡಿದಾಗಲೆಲ್ಲ ಊಟ ಆಯಿತೇ ಎಂದಷ್ಟೇ ಕೇಳುತ್ತಿದ್ದೆನಲ್ಲ ಎಂದು ಅತ್ತಳು. ನಡುಮನೆಯಲ್ಲಿ ಸಂಜೋತಾ ಬಹಳ ತಿಂಗಳ ಮೇಲೆ ಕುರ್ಚಿಯಲ್ಲಿ ಕೂತು, ಪುಸ್ತಕ ತೆರೆದು, ಒಂದು ಪುಟ ಪೂರ್ತಿ ಓದಿದಳು.

ದಿನ ಕಳೆದಂತೆ ಸೆಳೆತ ಇಳಿಯಿತು. ಎರಡು ಕೊಡಗಳಲ್ಲಿ ಹಂಚಿಹೋದ ನೀರು ಬೇಗ ಆರುತ್ತದೆ, ಅದೇ ಚಿಕಿತ್ಸೆ ಎಂದು ತಸ್ನೀಮ್ ಹೇಳಿದ್ದಳು. ಹಾಸ್ಟೆಲು ಬಿಟ್ಟ ಮಗಳು ಮನೆಯಿಂದಲೇ ಮತ್ತೆ ತರಗತಿಗಳಿಗೆ ಹೋಗತೊಡಗಿದಳು, ಸಂಜೆ ಮನೆಗೆ ಬಂದು ಉಂಡು ಮಲಗಿದಳು. ಕಸ್ತೂರಿಗೆ ಅದಕ್ಕಿಂತ ಆಶ್ಚರ್ಯವಾದದ್ದು ತನ್ನ ಮೈ ಹಗುರಾದದ್ದು. ಮಧ್ಯಾಹ್ನ ಭಾಂಡೆ ತೊಳೆದು ಮುಗಿದ ಮೇಲೆ ಎದೆಯ ಮೇಲೆ ಕೂರುತ್ತಿದ್ದ ಅದೇನೋ ಒಂದು, ಹೆಸರಿಲ್ಲದ್ದು, ಎಷ್ಟೋ ವರ್ಷಗಳಿಂದ ಇದ್ದದ್ದು, ಕಾಣೆಯಾಗಿತ್ತು. ಆ ಹೊತ್ತಿಗೆ ಸಂಡಿಗೆ ಒಣಗಿಸುವ ನೆಪದಲ್ಲಿ ಮಾಳಿಗೆ ಹತ್ತಿ ನಿಲ್ಲುತ್ತಿದ್ದವಳು ಈಗ ಹಾಡು ಗುನುಗುತ್ತ ಮಡಿಸಿದ ಬಟ್ಟೆ ಜೋಡಿಸಿದಳು. ಮಕ್ಕಳಿಗಾಗಿ ನೋವು ತಗೊಂಡರೆ ದೇವರು ಹೀಗೆ ಹಗುರ ಮಾಡುತ್ತಾನೆ ಎಂದುಕೊಂಡಳು. ಶಿವಯೋಗಿ ಕೂಡ, ಏನಿದು, ಮಗಳಿಗೆ ಹಚ್ಚಿದ ಔಷಧ ನಿನಗೇ ಹತ್ತಿತೇನು ಎಂದು ನಕ್ಕ.

ಆಮೇಲೆ ಕೇಂದ್ರದಿಂದ ಕರೆ ಬಂತು.

ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಸಂಜೋತಾಳ ಗೆರೆ ಕಣಿವೆಗೆ ಇಳಿದು ಮತ್ತೆ ಏರಿತ್ತು. ದಿನವೂ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ, ತಪ್ಪದೆ. ಪಟ್ಟಿ ತನ್ನ ಜಾಗವನ್ನೂ ತಿಳಿಸುತ್ತದೆ. ಆ ಹೊತ್ತಿನಲ್ಲಿ ಹುಡುಗಿ ತರಗತಿ ಬಿಟ್ಟು ಹೊಸ ಬಸ್ ಸ್ಟ್ಯಾಂಡಿನಲ್ಲಿ ಇರುತ್ತಿದ್ದಳು. ಬಸ್ ಸ್ಟ್ಯಾಂಡಿನ ಹಿಂದುಗಡೆ ಸೊಪ್ಪು ಕೈಬದಲಾಗುತ್ತದೆಂದು ವಿಶ್ವವಿದ್ಯಾಲಯದಲ್ಲಿ ತಿಳಿಯದವರಿಲ್ಲ. ರಕ್ತದಲ್ಲಿ ಏನೂ ಸಿಕ್ಕಿರಲಿಲ್ಲ, ಆದರೆ ಪರೀಕ್ಷೆಗೆ ಸಿಗದ ಹೊಸ ಮಾಲು ಬಂದಿದೆ ಎಂದೂ ಎಲ್ಲರೂ ಹೇಳುತ್ತಿದ್ದರು. ವಿಷಯ ಶಿಸ್ತು ಸಮಿತಿಗೆ ಹೋಗಿತ್ತು. ಮರಳಿ ಚಟಕ್ಕೆ ಬಿದ್ದವರ ಸೀಟು ರದ್ದು ಮಾಡುವುದು ಅವರ ನಿಯಮ. ಗುರುವಾರ ಸಭೆ.

ಮನೆಗೆ ಬಂದವಳೇ ಕಸ್ತೂರಿ ಮಗಳ ಚೀಲವನ್ನು ಹಾಸಿಗೆಯ ಮೇಲೆ ಸುರಿದಳು. ಪೆನ್ನುಗಳು, ಒಂದು ಬಾಚಣಿಕೆ, ಅರ್ಧ ತಿಂದ ಶೇಂಗಾ ಚಿಕ್ಕಿ. ಜೇಬುಗಳನ್ನು ಒಳಗುಹೊರಗು ಮಾಡಿದಳು, ಅಸ್ತರಿನ ಹೊಲಿಗೆಯನ್ನು ಉಗುರಿನಿಂದ ಒತ್ತಿ ನೋಡಿದಳು. ಸಂಜೋತಾ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು.

"ಹೊಲಿಗಿ ಬಿಚ್ಚು ಮಮ್ಮಿ. ಒಳಗಿರಬಹುದು" ಎಂದಳು.

ಕಸ್ತೂರಿಯ ಕೈ ನಿಂತಿತು. ಅಲ್ಲಿ ಯಾರನ್ನು ನೋಡಲು ಹೋಗುತ್ತೀಯ ಎಂದು ಕೇಳಿದಳು. ಯಾರನ್ನೂ ಅಲ್ಲ ಎಂದಳು ಮಗಳು. ಸುಮ್ಮನೆ ಕೂರುತ್ತೇನೆ ಎಂದಾಗ ಕಸ್ತೂರಿಯ ಸಹನೆ ತೀರಿತು, ಸುಮ್ಮನೆ ಕೂರಲು ಮನೆಯಲ್ಲಿ ಜಾಗವಿಲ್ಲವೇ ಎಂದು ಗದರಿದಳು. ಹುಡುಗಿ ಹಾಸಿಗೆಯ ತುದಿಗೆ ಬಂದು ಕೂತು, ಸುರಿದ ಪೆನ್ನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ ಮಾತಾಡಿದಳು.

"ಖರೇ ಹೇಳ್ತೀನಿ, ನಂಬಿದ್ರ ನಂಬು. ಸೊಪ್ಪು ಬೇಕಂತ ಅನಸವಲ್ತು. ಫೋನೂ ಬ್ಯಾಡ. ಇದು ಬ್ಯಾರೆ ಏನೋ ಅದ. ಊಟದ ಹೊತ್ತು ಮುಗೀತಂದ್ರ ಬರ್ತದ. ಎಲ್ಲಿಗರ ಹೋಗಬೇಕು ಅನಸ್ತದ, ಎಲ್ಲಿಗಂತ ಗೊತ್ತಿಲ್ಲ. ಕಾಲು ತಾನ ಬಸ್ ಸ್ಟ್ಯಾಂಡಿಗೆ ಒಯ್ತಾವ. ಅಲ್ಲಿ ಕೂತು ಬೋರ್ಡ್ ಓದ್ತೀನಿ. ಓದ್ಕೋತ ಓದ್ಕೋತ ಅಳು ಬರ್ತದ. ಸೊಪ್ಪಿನ ಸೆಳೆತ ಕೆಟ್ಟದಿತ್ತು ಮಮ್ಮಿ, ಆದ್ರ ಅದು ನಂದು ಅಂತ ಗೊತ್ತಿತ್ತು. ಇದು ಯಾರದೋ ಮನಿಯೊಳಗ ನಿಂತಂಗ ಅನಸ್ತದ."

ಕಸ್ತೂರಿ ಚೀಲದ ಬಾಯಿ ಹಿಡಿದುಕೊಂಡೇ ನಿಂತಿದ್ದಳು. ಮಾಳಿಗೆಯ ಮೇಲೆ ನಿಂತರೆ ಬೈಪಾಸಿನ ರಸ್ತೆ ಕಾಣುತ್ತದೆ. ಬಸ್ಸುಗಳ ಕೆಂಪು ತಲೆಗಳು ಸಾಲುಮರಗಳ ನಡುವೆ ಕಂಡು ಮರೆಯಾಗುತ್ತವೆ. ಆ ಹೊತ್ತಿನಲ್ಲಿ, ಭಾಂಡೆ ತೊಳೆದು ಮುಗಿದ ಮೇಲೆ, ತಾನು ಅಲ್ಲಿ ನಿಂತು ನೋಡುತ್ತಿದ್ದದ್ದು ಸಂಡಿಗೆಯನ್ನಲ್ಲ.

ಪಿಯುಸಿ ಓದುತ್ತಿದ್ದಾಗ ಒಮ್ಮೆ, ಒಂದೇ ಒಂದು ಸಲ, ಅವಳು ಗದಗಿನಿಂದ ಹುಬ್ಬಳ್ಳಿಗೆ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕರೆದುಕೊಂಡು ಬರಬೇಕಾಗಿದ್ದ ಅಣ್ಣನಿಗೆ ಜ್ವರ. ಪಕ್ಕ ಕೂತ ಮುದುಕಿ ಯಾರ ಮಗಳವ್ವಾ ನೀನು ಎಂದು ಕೇಳಿದಾಗ, ಏಕೆಂದು ಗೊತ್ತಿಲ್ಲದೆ, ಇಲ್ಲದ ಹೆಸರೊಂದು, ಇಲ್ಲದ ಊರೊಂದು ಹೇಳಿಬಿಟ್ಟಿದ್ದಳು. ಮುದುಕಿ ನಂಬಿ ತಲೆಯಾಡಿಸಿತು. ಕಿಟಕಿಯಿಂದ ಗಾಳಿ ಬಂತು. ಹುಬ್ಬಳ್ಳಿ ಬರುವ ತನಕ ಅವಳು ಯಾರ ಮಗಳೂ ಆಗಿರಲಿಲ್ಲ, ಯಾರ ತಂಗಿಯೂ ಆಗಿರಲಿಲ್ಲ. ಆಮೇಲೆ ಮದುವೆ, ಹಾಸಿಗೆ ಹಿಡಿದ ಅತ್ತೆಯ ಚಾಕರಿ, ಮಗಳು. ಯಾವುದೂ ಕೆಟ್ಟದಾಗಿರಲಿಲ್ಲ. ಅದಕ್ಕೇ ಈ ಹಂಬಲವನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ತಿಳಿದಿರಲಿಲ್ಲ. ಗಂಡ ಹೊಡೆದಿದ್ದರೆ, ಉಪವಾಸ ಕೆಡವಿದ್ದರೆ ಹೇಳಬಹುದಾಗಿತ್ತು. ಏನೂ ಕಡಿಮೆಯಿಲ್ಲದ ಮನೆಯಿಂದ ದೂರ ಹೋಗಬೇಕೆನಿಸಿದರೆ ಅದಕ್ಕೆ ಏನನ್ನುತ್ತಾರೆ?

ಗುರುವಾರದವರೆಗೆ ಅವಳು ಸುಮ್ಮನಿದ್ದಳು. ಹೇಳಿದರೆ ಶಿವಯೋಗಿ ಏನಂದುಕೊಂಡಾನು, ಮಗಳು ಏನಂದುಕೊಂಡಾಳು ಎಂದು ಒಳಗೊಳಗೇ ಬೆಂದಳು. ಹೇಳದಿದ್ದರೂ ನಡೆಯಬಹುದು, ಡಾಕ್ಟರೇ ಏನಾದರೊಂದು ಕಾರಣ ಹುಡುಕಿಯಾರು ಎಂದು ಆಸೆಪಟ್ಟಳು. ಮಧ್ಯಾಹ್ನ ಎದೆ ಇನ್ನೂ ಹಗುರವಾಗಿಯೇ ಇತ್ತು. ಆ ಹಗುರವೇ ಈಗ ಅವಳನ್ನು ಚುಚ್ಚತೊಡಗಿತ್ತು. ತನ್ನ ಎದೆಯ ಮೇಲಿನಿಂದ ಎದ್ದುಹೋದದ್ದು ಯಾರ ಎದೆಯ ಮೇಲೆ ಕೂತಿದೆ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಸಭೆ ನಿಯಂತ್ರಣ ಕೋಣೆಯಲ್ಲೇ ನಡೆಯಿತು. ಸಮಿತಿಯ ಹಿರಿಯರೊಬ್ಬರು ಗೋಡೆಯ ಗೆರೆಯನ್ನು ಪೆನ್ನಿನಿಂದ ತೋರಿಸುತ್ತ, ಹುಡುಗಿ ತಪ್ಪೊಪ್ಪಿಕೊಂಡರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ದಯೆಯ ಧ್ವನಿಯಲ್ಲಿ ಹೇಳಿದರು. ತಸ್ನೀಮ್ ತಲೆ ತಗ್ಗಿಸಿ ಕೂತಿದ್ದಳು. ಶಿವಯೋಗಿ ಕೈಕಟ್ಟಿ ನಿಂತಿದ್ದ. ಸಂಜೋತಾ ಬಳಲಿದ ಮುಖದಿಂದ, ಆಯಿತು, ಏನು ಬೇಕೋ ಬರೆದುಕೊಳ್ಳಿ ಎಂದುಬಿಟ್ಟಳು.

"ಆಕಿದಲ್ಲರಿ ಅದು" ಎಂದಳು ಕಸ್ತೂರಿ. ತನ್ನ ಧ್ವನಿ ತನಗೇ ಬೇರೆಯವರದೆನಿಸಿತು. "ಆ ಗೆರಿ ನಂದು."

ಯಾರಿಗೂ ಅರ್ಥವಾಗಲಿಲ್ಲ. ತಸ್ನೀಮ್ ಮಾತ್ರ ತಟ್ಟನೆ ತಲೆಯೆತ್ತಿದಳು. ಕಸ್ತೂರಿಯನ್ನು ಒಳಗಿನ ಗಾಜಿನ ಕೋಣೆಗೆ ಕರೆದೊಯ್ದು ಕೂರಿಸಿದಳು. ಮಗಳ ಪಟ್ಟಿಯನ್ನು ಬಿಚ್ಚಿಸಿ, ತಾಯಿಯ ಪಟ್ಟಿಯನ್ನು ಮಾತ್ರ ಯಂತ್ರಕ್ಕೆ ಜೋಡಿಸಿದಳು. ಈ ಸಲ ಚಿತ್ರ ತೋರಿಸಲಿಲ್ಲ. ಹೇಳಿ ಎಂದಳು, ಅಷ್ಟೇ.

ಕಸ್ತೂರಿ ಹೇಳಿದಳು. ಬೈಪಾಸಿನ ಬಸ್ಸು, ಗದಗಿನ ಮುದುಕಿ, ಕಿಟಕಿಯ ಗಾಳಿ. ಯಾರೂ ದಾರಿ ಕಾಯದ ಒಂದು ಊರಿನಲ್ಲಿ ಇಳಿದು, ಯಾರೂ ಗುರುತಿಸದ ಒಂದು ಖಾನಾವಳಿಯಲ್ಲಿ ಕೂತು, ಬೇರೆಯವರು ಮಾಡಿದ್ದನ್ನು ಉಂಡು, ತಾನು ಎದ್ದುಹೋದರೆ ಯಾರ ಊಟವೂ ನಿಲ್ಲದ ಒಂದು ಮಧ್ಯಾಹ್ನ. ಅವಳು ಹೇಳುತ್ತ ಹೋದಂತೆ ಆಚೆಯ ಗೋಡೆಯ ಮೇಲೆ ಗೆರೆ ಏರಿತು. ನಿಲ್ಲದೆ ಏರಿತು. ಮಗಳನ್ನು ಮೊದಲ ದಿನ ಇಲ್ಲಿಗೆ ಕರೆತಂದಾಗ ಇದ್ದ ಎತ್ತರದ ಹತ್ತಿರಕ್ಕೆ ಬಂದು ನಿಂತಿತು. ಸಮಿತಿಯ ಹಿರಿಯರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

"ನಾವು ತೋರಿಸಿದ ಚಿತ್ರದಾಗ ಇದು ಇರಲೇ ಇಲ್ಲ" ಎಂದಳು ತಸ್ನೀಮ್, ತನಗೆ ತಾನೇ ಎಂಬಂತೆ. ಹುಡುಗಿಯ ಸೆಳೆತ ಎಲ್ಲಿಯವರೆಗೆ ಹೆಚ್ಚಿತ್ತೋ ಅಲ್ಲಿಯವರೆಗೆ ತಾಯಿಯ ಕಡೆ ಹರಿಯಿತು. ಅದು ಇಳಿದು ತಾಯಿಯದಕ್ಕಿಂತ ಕೆಳಗಾದ ದಿನವೇ ಹರಿವು ತಿರುಗಿತು. ಎಷ್ಟು ಕಾಲದ್ದು ಇದು ಎಂದು ಕೇಳಿದಳು. ಕಸ್ತೂರಿಗೆ ಲೆಕ್ಕ ಸಿಗಲಿಲ್ಲ. ಮದುವೆಗಿಂತ ಮೊದಲಿನದು ಎಂದಳು.

ಶಿವಯೋಗಿ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕುಟುಕುವ ಮಾತು ಯಾವುದೂ ಅವನಿಗೆ ಸಿಗಲಿಲ್ಲ.

"ನಾ ಏನ್ ಕಡಿಮಿ ಮಾಡಿದ್ದೆ?" ಎಂದ.

"ಕಡಿಮಿ ಏನೂ ಮಾಡಿಲ್ಲರಿ. ನೀವಿಲ್ಲದ ಒಂದು ಜಾಗ ಬೇಕಿತ್ತು. ನಾನೂ ಇಲ್ಲದ್ದು."

ಅವನು ಅರ್ಥವಾದವನಂತೆ ತಲೆಯಾಡಿಸಲಿಲ್ಲ. ಅರ್ಥವಾಗಲಿಲ್ಲ ಎಂದು ಬೈಯಲೂ ಇಲ್ಲ. ಮೂಲೆಯ ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಅವಳ ಕೈಗೆ ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಪಕ್ಕದಲ್ಲಿ ನಿಂತಿದ್ದ.

ಸೀಟು ಉಳಿಯಿತು. ಪಟ್ಟಿಗಳನ್ನು ತೆಗೆದಿಟ್ಟರು. ಬೇರೆ ಯಾರದಾದರೂ ಹೆಗಲು ಸಿಗುವ ತನಕ ಸಂಜೋತಾ ತನ್ನ ಪಾಲಿನದನ್ನು ತಾನೇ ಹೊರಬೇಕು ಎಂದು ತಸ್ನೀಮ್ ಹೇಳಿದಳು. ಹುಡುಗಿ ಒಪ್ಪಿದಳು. ಮಗಳದು ಇನ್ನೂ ಪೂರ್ತಿ ಆರಿರಲಿಲ್ಲ. ಮರುದಿನವೇ ಇಬ್ಬರಿಗೂ ಅವರವರದು ಮರಳಿ ಬಂತು. ಮಗಳು ಕೋಣೆಯಲ್ಲಿ ಉಗುರು ಕಚ್ಚುತ್ತ ಅತ್ತಿತ್ತ ತಿರುಗಿದಳು. ಕಸ್ತೂರಿ ತೊಳೆದ ಭಾಂಡೆಯ ಮುಂದೆ ಕೂತು ಉಸಿರು ಕಟ್ಟಿದವಳಂತಾದಳು. ವರ್ಷಗಟ್ಟಲೆ ಹೊತ್ತಾಗ ಅದು ಭಾರವೆಂದೇ ತಿಳಿದಿರಲಿಲ್ಲ. ಕೆಲವು ವಾರ ಇಳಿಸಿ ಮತ್ತೆ ಎತ್ತಿಕೊಂಡಾಗ ತಿಳಿಯಿತು.

ಸಂಜೋತಾ ಅಡುಗೆಮನೆಗೆ ಬಂದು ಎದುರಿಗೆ ಕೂತಳು. ಒಂದು ಮಾತು ಕೇಳುತ್ತೇನೆ ಎಂದಳು. ಸೊಪ್ಪು ಎಳೆದಾಗ ತನ್ನ ಹಂಬಲ ಒಮ್ಮೆಯೂ ತೀರಿದ್ದಿಲ್ಲ, ಸ್ವಲ್ಪ ಮಲಗಿ ಎದ್ದು ಇನ್ನಷ್ಟು ಕೇಳುತ್ತಿತ್ತು. ನಿನ್ನದು ಹೇಗೆ? ಬಸ್ಸು ಹತ್ತಿದರೆ ತೀರುತ್ತದೆಯೇ?

ಗೊತ್ತಿಲ್ಲ, ಹತ್ತಿಲ್ಲ ಎಂದಳು ಕಸ್ತೂರಿ.

"ಹಂಗಾದ್ರ ಹತ್ತಿ ನೋಡು. ನನಗ ಗೊತ್ತಾಗಬೇಕು, ಮಮ್ಮಿ. ಯಾರದರ ಒಬ್ಬರದು ತೀರ್ತದೋ ಇಲ್ಲೋ ಅಂತ. ಸುಳ್ಳು ಹೇಳಬ್ಯಾಡ ಮತ್ತ."

ಸೋಮವಾರ ಮುಂಜಾನೆ ಶಿವಯೋಗಿಯೇ ಅವಳನ್ನು ಸ್ಟ್ಯಾಂಡಿಗೆ ಬಿಟ್ಟುಬಂದ. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದು, ಕೇಳದೆ ಗಾಡಿ ತಿರುಗಿಸಿದ. ಅವಳು ಕಿಟಕಿಯ ಸೀಟು ಖಾಲಿಯಿದ್ದ ಬಸ್ಸನ್ನು ಹತ್ತಿದಳು. ಅದು ಜಮಖಂಡಿಗೆ ಹೊರಟಿತ್ತು. ಅಲ್ಲಿ ಅವಳಿಗೆ ಯಾರೂ ಗೊತ್ತಿರಲಿಲ್ಲ.

ಊರ ಹೊರಗೆ ಬಂದಾಗ ಗಾಳಿ ಬಂತು. ಕುಸುಬೆಯ ಹೊಲಗಳು, ಇಟ್ಟಿಗೆ ಭಟ್ಟಿ, ಕುರಿ ಮಂದೆ. ಅವಳು ಕಾದಳು. ಎದೆಯಲ್ಲಿನ ಅದು ಈಗ ಇಳಿದೀತು, ಈಗ ಇಳಿದೀತು ಎಂದು ಕಾದಳು. ಲೋಕಾಪುರ ದಾಟಿತು. ಅದು ಅವಳ ಜೊತೆಯೇ ಕಿಟಕಿಯಿಂದ ಹೊರಗೆ ನೋಡುತ್ತಿತ್ತು, ಇನ್ನೂ ಆಚೆಯ ಊರಿನ ಕಡೆಗೆ.

ಮಧ್ಯಾಹ್ನ ಫೋನು ಬಂತು.

"ತೀರ್ತೇನು?" ಎಂದಳು ಸಂಜೋತಾ. ಬೇರೇನೂ ಕೇಳಲಿಲ್ಲ.

ತೀರಿತು ಎಂದು ಹೇಳಿದರೆ ಮಗಳಿಗೆ ಧೈರ್ಯ ಬರಬಹುದು ಎಂದು ಕಸ್ತೂರಿಗೆ ಅನಿಸಿತು. ತಾಯಂದಿರು ಹೇಳುವ ಮಾತು ಅದೇ.

"ಇಲ್ಲ" ಎಂದಳು. "ತೀರಲಿಲ್ಲ ಸಂಜು. ಖುಷಿ ಆತು. ಆದ್ರ ಅದು ಹಂಗ ಅದ."

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ಬೇಗ ಬೇಗ, ಯಾರೋ ಮೆಟ್ಟಿಲು ಹತ್ತಿ ಬಂದವರದಂತೆ. ಆ ಉಸಿರು ಕಸ್ತೂರಿಗೆ ಗೊತ್ತಿತ್ತು. ಅಡುಗೆಮನೆಯ ನೆಲದ ಮೇಲೆ ಅವಳೂ ಅದನ್ನು ಉಸಿರಾಡಿದ್ದಳು.

"ನಂದೂ ಈಗ ಜೋರ್ ಬಂದದ" ಎಂದಳು ಸಂಜೋತಾ ಕೊನೆಗೆ. "ಇಬ್ಬರದೂ ತೀರೂದಿಲ್ಲಂತಾತು. ಹೋಗಲಿ. ಫೋನ್ ಇಡಬ್ಯಾಡ, ಮಮ್ಮಿ. ಮಾತಾಡಬ್ಯಾಡ. ಸುಮ್ಮನ ಹಿಡಕೊಂಡು ಕೂಡು."

ಕಸ್ತೂರಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಕಂಡಕ್ಟರ್ ಜಮಖಂಡಿ ಬಂತೆಂದು ಕೂಗಿದ. ಎಲ್ಲರೂ ಇಳಿದರು. ಅವಳು ಕೂತೇ ಇದ್ದಳು, ಆ ಉಸಿರು ನಿಧಾನವಾಗುವ ತನಕ.